ಬಸ್ಸೋ, ರೈಲೋ, ಕಾರೋ? ಊರಿಂದ ಊರಿಗೆ ಹೋಗುವವರ ಆಯ್ಕೆಯ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಮಟಾದವನು. ಜನ ಒಂದು ಊರಿಂದ ಇನ್ನೊಂದು ಊರಿಗೆ ಯಾವುದರಲ್ಲಿ ಹೋಗುತ್ತಾರೆ, ಯಾಕೆ ಹೋಗುತ್ತಾರೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಕಾರವಾರ, ಶಿರಸಿ ಕಡೆಯ ಕಾಲೇಜು ಮಕ್ಕಳು, ಬಸ್ಸಿಗೋ ರೈಲು ನಿಲುಗಡೆಗೋ ಅರ್ಜಿ ಹಿಡಿದು ಓಡಾಡುವ ಊರಿನ ಹಿರಿಯರು ನನ್ನ ಹತ್ತಿರ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರಹ. ಅವಕ್ಕೆಲ್ಲ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಏನಿದು ಲೆಕ್ಕ? ಯಾರಿಗೆ ಬೇಕು?

ಕಾರವಾರದಿಂದ ಬೆಂಗಳೂರಿಗೆ ಹೊರಟವರ ಮುಂದೆ ರಾತ್ರಿ ಬಸ್ ಇದೆ, ರಾತ್ರಿ ರೈಲು ಇದೆ, ಸ್ವಂತ ಕಾರು ಇರಬಹುದು. ಗೋವಾಕ್ಕೆ ಹೋಗಿ ವಿಮಾನ ಹತ್ತುವವರೂ ಇದ್ದಾರೆ. ನೂರು ಜನರಲ್ಲಿ ಎಷ್ಟು ಜನ ಯಾವುದನ್ನು ಹಿಡಿಯುತ್ತಾರೆ, ಟಿಕೆಟ್ ದರ ಏರಿದರೆ ಅಥವಾ ಹೊಸ ರೈಲು ಬಂದರೆ ಆ ಲೆಕ್ಕ ಹೇಗೆ ಬದಲಾಗುತ್ತದೆ ಎಂದು ಮೊದಲೇ ಅಂದಾಜು ಮಾಡುವ ವಿಧಾನ ಇದು. ಬಸ್ ಡಿಪೋಗೆ, ರೈಲ್ವೆಗೆ, ಹೆದ್ದಾರಿ ಕಟ್ಟುವವರಿಗೆ ಎಲ್ಲರಿಗೂ ಬೇಕು. ಅಂದಾಜು ತಪ್ಪಿದರೆ ಒಂದು ಕಡೆ ಖಾಲಿ ಸೀಟು ಓಡುತ್ತದೆ, ಇನ್ನೊಂದು ಕಡೆ ಜನ ಬಾಗಿಲಲ್ಲಿ ನೇತಾಡುತ್ತಾರೆ.

ಊರೊಳಗಿನ ಓಡಾಟದ ಲೆಕ್ಕವನ್ನೇ ಇಲ್ಲಿಗೂ ಹಚ್ಚಬಹುದಲ್ವಾ?

ಆಗುವುದಿಲ್ಲ. ದಿನಾ ಆಫೀಸಿಗೆ ಹೋಗುವವರು ದಾರಿ, ದರ, ಸಮಯ ಎಲ್ಲ ಬಾಯಿಪಾಠ ಮಾಡಿಕೊಂಡಿರುತ್ತಾರೆ. ದೂರದ ಪ್ರಯಾಣ ವರ್ಷಕ್ಕೆ ನಾಲ್ಕೈದು ಸಲ. ಜೊತೆಗೆ ಮಕ್ಕಳು, ಮುದುಕರು, ಚೀಲ. ರಾತ್ರಿ ಮಲಗಿಕೊಂಡು ಹೋದರೆ ಒಂದು ಹಗಲು ಉಳಿಯುತ್ತದೆ ಎಂಬ ಲೆಕ್ಕವೂ ಇರುತ್ತದೆ.

ಎಷ್ಟು ಜನ ಒಟ್ಟಿಗೆ ಹೊರಟಿದ್ದಾರೆ ಎನ್ನುವುದು ಇಲ್ಲಿ ಬಹಳ ದೊಡ್ಡ ವಿಷಯ. ಕಾರವಾರದಿಂದ ಬೆಂಗಳೂರು ಸುಮಾರು 520 ಕಿ.ಮೀ. ಕಾರು ಲೀಟರಿಗೆ 18 ಕಿ.ಮೀ. ಕೊಡುತ್ತದೆ, ಪೆಟ್ರೋಲಿಗೆ 100 ರೂಪಾಯಿ ಎಂದು ಹಿಡಿಯಿರಿ. 2,900 ರೂಪಾಯಿ ಹತ್ತಿರ ಬರುತ್ತದೆ. ಒಬ್ಬರೇ ಹೋದರೆ ದುಬಾರಿ. ನಾಲ್ವರು ಹೋದರೆ ತಲೆಗೆ 725. ಬಸ್ಸಿನಲ್ಲಾದರೆ ನಾಲ್ಕು ಟಿಕೆಟ್ ಬೇಕೇ ಬೇಕು. ಒಬ್ಬಂಟಿ ಪ್ರಯಾಣಿಕರನ್ನೂ ಮದುವೆಗೆ ಹೊರಟ ಕುಟುಂಬವನ್ನೂ ಹಾಳೆಯ ಒಂದೇ ಕಂಬದಲ್ಲಿ (ಕಾಲಂನಲ್ಲಿ) ಬರೆದರೆ ಲೆಕ್ಕ ಅಲ್ಲೇ ಕೆಡುತ್ತದೆ.

ಮನುಷ್ಯನ ಮನಸ್ಸನ್ನು ಸೂತ್ರದಲ್ಲಿ ಹಿಡಿಯಲು ಸಾಧ್ಯವಾ?

ಒಬ್ಬೊಬ್ಬರ ಮನಸ್ಸನ್ನು ಹಿಡಿಯಲು ಆಗುವುದಿಲ್ಲ. ನೂರಾರು ಜನರ ಒಲವು ಯಾವ ಕಡೆ ವಾಲುತ್ತದೆ ಎಂದು ಹೇಳಬಹುದು.

ಪ್ರತಿ ವಾಹನಕ್ಕೂ ಒಂದು ಅಂಕ ಕೊಡುತ್ತೇವೆ. ಪಿಯುಸಿ ಅರ್ಥಶಾಸ್ತ್ರದಲ್ಲಿ ತುಷ್ಟಿಗುಣ ಎಂದು ಓದಿದ್ದೀರಲ್ಲ, ಅದೇ. ಸಮಯ ಜಾಸ್ತಿ ಹಿಡಿದರೆ ಅಂಕ ಇಳಿಯುತ್ತದೆ, ದುಡ್ಡು ಜಾಸ್ತಿ ಆದರೂ ಇಳಿಯುತ್ತದೆ. ಯಾವುದಕ್ಕೆ ಎಷ್ಟು ಇಳಿಯಬೇಕು ಎನ್ನುವುದನ್ನು ಜನ ನಿಜವಾಗಿ ಮಾಡಿದ ಆಯ್ಕೆಗಳಿಂದಲೇ ಕಂಡುಕೊಳ್ಳುತ್ತೇವೆ. ನಮ್ಮ ಕಣ್ಣಿಗೆ ಕಾಣದ ಕಾರಣಗಳೂ ಇರುತ್ತವೆ. ಆ ಪಾಲನ್ನು ಆಕಸ್ಮಿಕ ಎಂದು ಬೇರೆ ಇಟ್ಟುಕೊಳ್ಳುತ್ತೇವೆ.

ಬರೀ ವಿಧಾನ ತೋರಿಸಲು ಒಂದು ಕಲ್ಪಿತ ಲೆಕ್ಕ ನೋಡಿ. ರೈಲಿನ ಅಂಕ –1.0, ಬಸ್ಸಿನದು –1.4, ಕಾರಿನದು –2.0 ಇರಲಿ. 2.718 ಎಂಬ ಸಂಖ್ಯೆಯನ್ನು ಈ ಅಂಕಗಳ ಘಾತಕ್ಕೆ ಏರಿಸಿದರೆ 0.368, 0.247, 0.135 ಬರುತ್ತವೆ. ಕೂಡಿದರೆ 0.750. ಒಂದೊಂದನ್ನೂ ಇದರಿಂದ ಭಾಗಿಸಿ. ರೈಲಿಗೆ ಶೇ. 49, ಬಸ್ಸಿಗೆ ಶೇ. 33, ಕಾರಿಗೆ ಶೇ. 18. ಇದೇ ಲಾಜಿಟ್ ಮಾದರಿ. ಅಷ್ಟೇ. ಒಂದು ಹಾಳೆಯಲ್ಲಿ ಮುಗಿಯುತ್ತದೆ.

ಇದನ್ನು ಪ್ರಯಾಣದ ಆಯ್ಕೆಗೆ ಗಟ್ಟಿಯಾಗಿ ಕಟ್ಟಿಕೊಟ್ಟವರು ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡನ್. ಸ್ಯಾನ್ ಫ್ರಾನ್ಸಿಸ್ಕೋ ಸುತ್ತ ಬಾರ್ಟ್ ಎಂಬ ರೈಲು 1972ರಲ್ಲಿ ಶುರುವಾಯಿತು. ಕೆಲಸಕ್ಕೆ ಹೋಗುವವರಲ್ಲಿ ಶೇ. 15 ಜನ ಅದನ್ನು ಹತ್ತುತ್ತಾರೆ ಎಂದು ಅಧಿಕೃತ ಅಂದಾಜು ಹೇಳಿತ್ತು. ಮ್ಯಾಕ್‌ಫ್ಯಾಡನ್ ತಂಡದ ಮಾದರಿ ಶೇ. 6.3 ಎಂದಿತು. ಹತ್ತಿದವರು ಶೇ. 6.2. ಅವರಿಗೆ 2000ರಲ್ಲಿ ಜೇಮ್ಸ್ ಹೆಕ್‌ಮನ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಹತ್ತಿಪ್ಪತ್ತು ವರ್ಷ ಈ ಕೆಲಸ ಮಾಡಿದ ಮೇಲೂ ಆ 6.3 ಮತ್ತು 6.2 ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ರೈಲು ಅಗ್ಗ, ಆರಾಮ. ಆದರೂ ಜನ ಬಸ್ಸಿಗೆ ಯಾಕೆ ಹೋಗುತ್ತಾರೆ?

ನಾವು ಸ್ಟೇಷನ್ನಿಂದ ಸ್ಟೇಷನ್ನಿಗೆ ಲೆಕ್ಕ ಹಾಕುತ್ತೇವೆ, ಅವರು ಮನೆಯಿಂದ ಮನೆಗೆ ಲೆಕ್ಕ ಹಾಕುತ್ತಾರೆ.

ಕಾರವಾರದ ರೈಲ್ವೆ ಸ್ಟೇಷನ್ ಇರುವುದು ಶಿರವಾಡದಲ್ಲಿ, ಪೇಟೆಯಿಂದ ದೂರ. ಬಸ್‌ಸ್ಟ್ಯಾಂಡ್ ಪೇಟೆ ನಡುವೆ. ಗೋಕರ್ಣ ರೋಡ್ ಎಂಬ ಸ್ಟೇಷನ್ನಿನ ಹೆಸರಲ್ಲೇ ಇದೆ, ಅದು ಗೋಕರ್ಣವಲ್ಲ, ಗೋಕರ್ಣಕ್ಕೆ ಹೋಗುವ ದಾರಿ. ಬೆಳಗಿನ ಜಾವ ಇಳಿದವರಿಗೆ ಆಟೋ ಸಿಗಬೇಕು, ಸಿಕ್ಕರೆ ದರ ಮಾತಾಡಬೇಕು.

ಒಂದು ಮಳೆಗಾಲದಲ್ಲಿ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಪ್ರಶ್ನೆಪತ್ರಿಕೆ ಹಿಡಿದು ನಿಂತಿದ್ದೆ. ಒಬ್ಬ ಅಜ್ಜಿ ಮಂಗಳೂರಿಗೆ ಮಗಳ ಮನೆಗೆ ಹೊರಟಿದ್ದರು. ಕಾಲ ಬುಡದಲ್ಲಿ ಒಂದು ಗೋಣಿಚೀಲ, ಅದರ ಬಾಯಿಗೆ ಸೀರೆಯ ಅಂಚು ಹರಿದು ಕಟ್ಟಿದ್ದರು. ಒಳಗೆ ಒಣಗಿಸಿದ ಮುರುಗಲ ಸಿಪ್ಪೆ, ಹಪ್ಪಳ, ಒಂದು ಹಲಸಿನಹಣ್ಣು. "ರೈಲಿಗೆ ಹೋದ್ರೆ ದುಡ್ಡು ಉಳೀತಿತ್ತಲ್ಲ ಅಮ್ಮ" ಅಂದೆ. "ಈ ಚೀಲ ಹೊತ್ಕಂಡು ಆ ಮೆಟ್ಟಿಲು ಹತ್ತಿ ಆಚೆ ಬದಿ ಇಳಿಯೂಕೆ ಆಗೂದಿಲ್ಲ ತಮಾ. ಇಲ್ಲಾದ್ರೆ ಕಂಡಕ್ಟರೇ ಎತ್ತಿ ಇಡ್ತ" ಅಂದರು. ನನ್ನ ಹಾಳೆಯಲ್ಲಿ ಸಮಯಕ್ಕೆ ಕಂಬ ಇತ್ತು, ದರಕ್ಕೆ ಕಂಬ ಇತ್ತು. ಮೆಟ್ಟಿಲಿಗೆ ಇರಲಿಲ್ಲ. ಅವತ್ತು ರಾತ್ರಿಯೇ ಸಾಮಾನಿನ ಭಾರ, ಮೆಟ್ಟಿಲು, ಜೊತೆಗೆ ಯಾರಿದ್ದಾರೆ ಎಂಬ ಮೂರು ಪ್ರಶ್ನೆ ಸೇರಿಸಿದೆ. ಆಮೇಲಿನ ಯಾವ ಸರ್ವೆಯಲ್ಲೂ ಅವನ್ನು ಬಿಟ್ಟಿಲ್ಲ.

ಕಾಯುವ ಸಮಯ, ಸ್ಟೇಷನ್ನಿಗೆ ಹೋಗುವ ಸಮಯ, ಒಳಗೆ ಕೂತ ಸಮಯ ಇವನ್ನು ಬೇರೆ ಬೇರೆಯಾಗಿಯೇ ಬರೆಯಬೇಕು. ಹೊರಗೆ ಮಳೆಯಲ್ಲಿ ನಿಂತ ಹತ್ತು ನಿಮಿಷವೂ ಕಿಟಕಿ ಪಕ್ಕ ಕೂತ ಹತ್ತು ನಿಮಿಷವೂ ಒಂದೇ ಅಲ್ಲ.

ಶಿರಸಿಗೆ ರೈಲೇ ಇಲ್ಲ. ಹಾಗಾದರೆ ರೈಲನ್ನು ಲೆಕ್ಕದಿಂದ ಬಿಡಬಹುದಾ?

ಬಿಡಬೇಡಿ. ಶಿರಸಿಯವರು ರೈಲು ಹತ್ತುತ್ತಾರೆ, ಬೇರೆ ಊರಿಗೆ ಹೋಗಿ ಹತ್ತುತ್ತಾರೆ. ಸಿದ್ದಾಪುರದ ಮೇಲೆ ತಾಳಗುಪ್ಪ, ಪೂರ್ವಕ್ಕೆ ಹಾವೇರಿ, ಉತ್ತರಕ್ಕೆ ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿ, ದೇವಿಮನೆ ಘಟ್ಟ ಇಳಿದು ಸುಮಾರು 60 ಕಿ.ಮೀ. ದೂರದ ಕುಮಟಾ. ನಾಲ್ಕೂ ಬೇರೆ ಬೇರೆ ಆಯ್ಕೆ. ಬೆಂಗಳೂರಿಗೆ ಒಂದು, ಮುಂಬೈಗೆ ಇನ್ನೊಂದು. ಇದನ್ನು 'ಬಸ್ ಮತ್ತು ರೈಲು' ಎಂಬ ಜೋಡಿ ಪ್ರಯಾಣವಾಗಿ ಬರೆಯಬೇಕು. ನಡುವೆ ವಾಹನ ಬದಲಿಸುವ ಕಷ್ಟಕ್ಕೆ ಬೇರೆ ಅಂಕ ಕಳೆಯಬೇಕು. ಬಸ್ ಅರ್ಧ ಗಂಟೆ ತಡವಾಗಿ ರೈಲು ತಪ್ಪಿದವರು ಮುಂದಿನ ಸಲ ಆ ಜೋಡಿಯನ್ನು ನಂಬುವುದಿಲ್ಲ.

ವೇಟಿಂಗ್ ಲಿಸ್ಟ್ ಇದ್ದರೆ ಏನು ಮಾಡಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಬೆಂಗಳೂರು–ಕಾರವಾರ ನಡುವೆ ಪಂಚಗಂಗಾ ಎಕ್ಸ್‌ಪ್ರೆಸ್ 2020ರ ಮಾರ್ಚ್‌ನಲ್ಲಿ ಶುರುವಾಯಿತು. ಮಂಗಳೂರು ಸ್ಟೇಷನ್ನಿನ ಒಳಗೆ ಹೋಗದೆ ಪಡೀಲ್ ಬೈಪಾಸ್ ಹಿಡಿಯುತ್ತದೆ, ಸಂಜೆ ಹೊರಟರೆ ಬೆಳಿಗ್ಗೆ ಮುಟ್ಟಿಸುತ್ತದೆ. ಕರಾವಳಿಯವರಿಗೆ ಇದು ದೊಡ್ಡ ಅನುಕೂಲ. ಆದರೆ ಚೌತಿಯ ಹಿಂದಿನ ದಿನ ಸೀಟು ಸಿಗದೆ ಬಸ್ ಹತ್ತಿದವರ ಹೆಸರಿನ ಮುಂದೆ ನಾವು ಏನು ಬರೆಯುತ್ತೇವೆ? 'ಬಸ್ ಆರಿಸಿಕೊಂಡರು' ಎಂದು ಬರೆಯುತ್ತೇವೆ. ಕಂಪ್ಯೂಟರ್ ಅದನ್ನು ನಂಬುತ್ತದೆ. ಅಗ್ಗದ ರೈಲು ಇದ್ದರೂ ದುಬಾರಿ ಬಸ್ ಹಿಡಿದಿದ್ದಾರೆ, ಹಾಗಾಗಿ ಇವರಿಗೆ ದುಡ್ಡಿನ ಚಿಂತೆ ಇಲ್ಲ, ರೈಲು ಇಷ್ಟವಿಲ್ಲ ಎಂದು ತೀರ್ಮಾನಿಸುತ್ತದೆ. ನಾಳೆ ಅದೇ ಅಂಕಿ ತೋರಿಸಿ, ಇಲ್ಲಿ ರೈಲಿಗೆ ಬೇಡಿಕೆ ಕಡಿಮೆ ಎಂದು ಯಾರಾದರೂ ಹೇಳಬಹುದು.

ಅವರಿಗೆ ರೈಲು ಇರಲೇ ಇಲ್ಲ. ವೇಳಾಪಟ್ಟಿಯಲ್ಲಿ ಇತ್ತು, ಅವರ ಪಾಲಿಗೆ ಇರಲಿಲ್ಲ. ಇಂಥವರ ಆಯ್ಕೆಯ ಪಟ್ಟಿಯಿಂದ ರೈಲನ್ನು ತೆಗೆದೇ ಲೆಕ್ಕ ಮಾಡಬೇಕು. ಮನೆಯಲ್ಲಿ ಕಾರಿಲ್ಲದವರ ಪಟ್ಟಿಯಲ್ಲಿ ಕಾರು ಇರಬಾರದು. ಕೊನೆಯ ಬಸ್ ಹೋದ ಮೇಲೆ ಹೊರಟವರ ಪಟ್ಟಿಯಲ್ಲಿ ಬಸ್ ಇರಬಾರದು. ಒಬ್ಬೊಬ್ಬರನ್ನೂ "ನಿಮಗೆ ಇವತ್ತು ಬೇರೆ ಏನೇನು ಸಿಗುತ್ತಿತ್ತು?" ಎಂದು ಕೇಳಿಯೇ ಬರೆಯಬೇಕು. ಹೌದು, ಒಬ್ಬರಿಗೆ ಐದು ನಿಮಿಷ ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ.

ಲಾಜಿಟ್ ಮಾದರಿಯಲ್ಲಿ 'ಕೆಂಪು ಬಸ್' ತೊಂದರೆ ಇದೆ ಅಂತಾರಲ್ಲ, ಏನದು?

ಜಗತ್ತಿನಾದ್ಯಂತ ಪಾಠಗಳಲ್ಲಿ ಕೆಂಪು ಬಸ್, ನೀಲಿ ಬಸ್ ಎಂಬ ಉದಾಹರಣೆ ಹೇಳಿಕೊಡುತ್ತಾರೆ. ಸರ್ಕಾರಿ ಬಸ್ಸನ್ನು ಕೆಂಪು ಬಸ್ ಎಂದೇ ಕರೆಯುವ ನಮಗೆ ಅದು ಇನ್ನೂ ಹತ್ತಿರ.

ಶಿರಸಿಯಿಂದ ಹುಬ್ಬಳ್ಳಿಗೆ ಅರ್ಧ ಜನ ಕಾರಿನಲ್ಲಿ, ಅರ್ಧ ಜನ ಕೆಂಪು ಬಸ್ಸಿನಲ್ಲಿ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಅದೇ ದರ, ಅದೇ ಹೊತ್ತಿಗೆ ಇನ್ನೊಂದು ಬಸ್ ಬಿಟ್ಟು ಅದಕ್ಕೆ ನೀಲಿ ಬಣ್ಣ ಹೊಡೆದರೆ? ಕಾರಿನವರು ಕಾರಲ್ಲೇ ಇರುತ್ತಾರೆ, ಬಸ್ಸಿನವರು ಎರಡು ಪಾಲಾಗುತ್ತಾರೆ: 50, 25, 25. ಸರಳ ಲಾಜಿಟ್ ಮಾತ್ರ ಮೂವರಿಗೂ 33 ಹಂಚುತ್ತದೆ. ಬಣ್ಣ ನೋಡಿ ಕಾರು ಬಿಟ್ಟು ಬರುವವರು ಯಾರೂ ಇಲ್ಲ, ಅಲ್ವಾ?

ಇದಕ್ಕೆ ಪರಿಹಾರ ನೆಸ್ಟೆಡ್ ಲಾಜಿಟ್. ಒಂದೇ ಜಾತಿಯವನ್ನು ಒಂದು ಗೂಡಿಗೆ ಹಾಕುತ್ತೇವೆ. ಬಸ್ಸುಗಳೆಲ್ಲ ಒಂದು ಗೂಡು, ರೈಲುಗಳು ಇನ್ನೊಂದು, ಕಾರು ಬೇರೆ. ಹೊಸ ಬಸ್ ಬಂದರೆ ಮೊದಲು ತನ್ನ ಗೂಡಿನವರನ್ನೇ ಎಳೆಯುತ್ತದೆ. ನಮ್ಮ ಕಡೆ ನಾನು ರಾತ್ರಿ ಪ್ರಯಾಣವನ್ನೇ ಒಂದು ಗೂಡು ಮಾಡಿ ನೋಡುತ್ತೇನೆ. ರಾತ್ರಿ ಸ್ಲೀಪರ್ ಬಸ್ಸಿಗೂ ರಾತ್ರಿ ರೈಲಿಗೂ ಇರುವ ಪೈಪೋಟಿ ಹಗಲಿನ ಬಸ್ಸಿಗೂ ರಾತ್ರಿ ಬಸ್ಸಿಗೂ ಇಲ್ಲ ಎಂದು ನನಗೆ ಅನಿಸುತ್ತದೆ.

'ಸಮಯದ ಬೆಲೆ' ಅಂದರೇನು?

ಒಂದು ಗಂಟೆ ಉಳಿಸಲು ಎಷ್ಟು ದುಡ್ಡು ಕೊಡಲು ತಯಾರಿದ್ದೀರಿ ಎನ್ನುವುದು. ಒಂದು ನಿಮಿಷಕ್ಕೆ 0.02 ಅಂಕ ಇಳಿಯುತ್ತದೆ, ಒಂದು ರೂಪಾಯಿಗೆ 0.01 ಇಳಿಯುತ್ತದೆ ಎಂದು ಮಾದರಿ ಹೇಳಿದರೆ, ಒಂದು ನಿಮಿಷಕ್ಕೆ ಎರಡು ರೂಪಾಯಿ, ಗಂಟೆಗೆ 120. ಇದೂ ಕಲ್ಪಿತ ಉದಾಹರಣೆಯೇ. ಕಂಪನಿ ಖರ್ಚಿನಲ್ಲಿ ಹೋಗುವವರಿಗೆ ಒಂದು ಬೆಲೆ, ಕಾಲೇಜು ಹುಡುಗರಿಗೆ ಇನ್ನೊಂದು ಬೆಲೆ ಬಂದೇ ಬರುತ್ತದೆ. ಎಲ್ಲರಿಗೂ ಒಂದೇ ಸಂಖ್ಯೆ ಹಿಡಿಯಬೇಡಿ.

ಶಕ್ತಿ ಯೋಜನೆ ಬಂದ ಮೇಲೆ ಹಳೆಯ ಮಾದರಿ ಕೆಲಸಕ್ಕೆ ಬರುತ್ತದಾ?

ಹಾಗೇ ಇಟ್ಟುಕೊಂಡರೆ ಬರುವುದಿಲ್ಲ. 2023ರ ಜೂನ್ 11ರಿಂದ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಎಸಿ, ಸ್ಲೀಪರ್ ಬಸ್ಸುಗಳಿಗೆ ಇದು ಹೊಂದುವುದಿಲ್ಲ. ಗಡಿ ದಾಟುವ ಅಂತರರಾಜ್ಯ ಬಸ್ಸಿಗೂ ಇಲ್ಲ, ಹಾಗಾಗಿ ಕಾರವಾರದಿಂದ ಮಡಗಾಂವ್‌ಗೆ ಹೋಗುವವರ ಲೆಕ್ಕ ಬೇರೆ, ಅಂಕೋಲಾಕ್ಕೆ ಹೋಗುವವರ ಲೆಕ್ಕ ಬೇರೆ.

ದರ 100ರಿಂದ 80ಕ್ಕೆ ಇಳಿದಾಗ ಜನ ಹೇಗೆ ನಡೆದುಕೊಂಡರು ಎನ್ನುವುದರಿಂದ, ದರ ಸೊನ್ನೆಯಾದಾಗ ಹೇಗೆ ನಡೆದುಕೊಳ್ಳುತ್ತಾರೆ ಎಂದು ಹೇಳಲು ಆಗುವುದಿಲ್ಲ. ಮೊದಲು ಹೊರಡದೇ ಇದ್ದವರೂ ಈಗ ಹೊರಡುತ್ತಾರೆ. ಬಸ್ ತುಂಬಿ ನಿಂತು ಹೋಗಬೇಕಾದರೆ ದುಡ್ಡು ಕೊಡುವವರು ಬೇರೆ ದಾರಿ ನೋಡಬಹುದು. ಹೆಣ್ಣು, ಗಂಡು, ಕುಟುಂಬ ಮೂರನ್ನೂ ಬೇರೆ ಮಾಡಿ, ನೂಕುನುಗ್ಗಲಿಗೆ ಒಂದು ಕಂಬ ಸೇರಿಸಿ, ಹೊಸದಾಗಿ ಲೆಕ್ಕ ಮಾಡಬೇಕು.

ಘಟ್ಟ, ಮಳೆಗಾಲ ಇವನ್ನೆಲ್ಲ ಅಂಕಿಯಲ್ಲಿ ತರುವುದು ಹೇಗೆ?

ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಮಾದರಿ ಮಾಡುವುದು ಸುಮ್ನೆ ಕೆಲಸ. ದೇವಿಮನೆಯಲ್ಲೋ ಅರಬೈಲಿನಲ್ಲೋ ತಿರುವು ತಿರುವಿಗೂ ಹೊಟ್ಟೆ ತೊಳೆಸುವವರಿಗೆ, ಕೈಯಲ್ಲಿ ಲಿಂಬೆಹಣ್ಣು ಹಿಡಿದು ಮೂಸುತ್ತ ಕೂತವರಿಗೆ, ಘಟ್ಟದ ಒಂದು ಗಂಟೆ ಬಯಲಿನ ಎರಡು ಗಂಟೆಗೆ ಸಮ. ಘಟ್ಟದ ಸಮಯವನ್ನೇ ಬೇರೆ ಕಂಬದಲ್ಲಿ ಹಾಕಿ ನೋಡಿ, ವ್ಯತ್ಯಾಸ ಕಾಣುತ್ತದೆ.

ಮಳೆಗಾಲದ ಮಾತೇ ಬೇರೆ. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿ ಓಡಲು ಶುರುವಾದದ್ದು. ಮಳೆಗಾಲಕ್ಕೆ ಅದರದ್ದು ಬೇರೆ ವೇಳಾಪಟ್ಟಿ, ಗುಡ್ಡ ಕುಸಿಯುವ ಭಯಕ್ಕೆ ರೈಲಿನ ವೇಗ ಇಳಿಸುತ್ತಾರೆ. ರಸ್ತೆಯ ಪಾಡು ಇನ್ನೂ ಕಷ್ಟ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಮೇಲೆಯೇ ಗುಡ್ಡ ಕುಸಿದು ಜೀವಗಳು ಹೋದವು. ಮುಂದಿನ ತಿಂಗಳೇ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ರಾತ್ರಿ ಬಿದ್ದುಹೋಯಿತು. ಅದಾದ ಮೇಲೆ ರಾತ್ರಿ ಆ ದಾರಿಯಲ್ಲಿ ಹೋಗಲು ಮನಸ್ಸು ಬರುವುದಿಲ್ಲ ಎಂದು ಹೇಳುವವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆ ಭಯವೂ ಆಯ್ಕೆಯ ಒಂದು ಕಾರಣ. ಸರಾಸರಿ ಎಷ್ಟು ಗಂಟೆ ಎಂದು ಕೇಳಿ ಬಿಡಬೇಡಿ, ಕೆಟ್ಟ ದಿನ ಎಷ್ಟು ಗಂಟೆ ಹಿಡಿಯಿತು ಎಂದೂ ಕೇಳಿ.

ಸರ್ವೆ ಎಲ್ಲಿ, ಯಾವಾಗ ಮಾಡಬೇಕು?

ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿದರೆ ಎಲ್ಲರೂ ಬಸ್ಸಿನವರೇ. ಶಿರವಾಡ ಸ್ಟೇಷನ್ನಿನಲ್ಲಿ ಕೇಳಿದರೆ ಎಲ್ಲರೂ ರೈಲಿನವರೇ. ಹೀಗೆ ಆಯ್ದ ಜನರನ್ನು ಒಟ್ಟು ಸೇರಿಸುವಾಗ ನಿಜವಾದ ಪಾಲಿಗೆ ತಕ್ಕ ತೂಕ ಕೊಡಬೇಕು. ಚಾರ್ಲ್ಸ್ ಮನ್‌ಸ್ಕಿ ಮತ್ತು ಸ್ಟೀವನ್ ಲರ್ಮನ್ 1977ರಲ್ಲಿ ಇದರ ವಿಧಾನ ತೋರಿಸಿಕೊಟ್ಟಿದ್ದಾರೆ. ಮನೆಮನೆಗೆ ಹೋಗಿ ಕೇಳುವುದು ಇನ್ನೂ ಒಳ್ಳೆಯದು, ಖರ್ಚು ಜಾಸ್ತಿ.

ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ವಾರ, ಚೌತಿಯ ವಾರ ಬೇಡ. ಜಾತ್ರೆಯ ಜನವನ್ನೇ ತಿಳಿಯಬೇಕಾದರೆ ಮಾತ್ರ ಆಗ ಮಾಡಿ.

ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಬಂದಿಲ್ಲ. ಇಲ್ಲದ ರೈಲಿಗೆ ಲೆಕ್ಕ ಹಾಕುವುದು ಹೇಗೆ?

ದಶಕಗಳಿಂದ ಕಾಗದದ ಮೇಲೇ ಇರುವ ಮಾರ್ಗ ಅದು. ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆ ದೊಡ್ಡದು, ಅದನ್ನು ಈ ಲೆಕ್ಕ ತೀರ್ಮಾನಿಸಲಾರದು. ಹತ್ತುವವರು ಎಷ್ಟು ಎಂದು ಮಾತ್ರ ಹೇಳಬಹುದು.

ರಿಚರ್ಡ್ ಕ್ವಾಂಟ್ ಮತ್ತು ವಿಲಿಯಂ ಬೌಮೋಲ್ 1966ರಲ್ಲಿ ಒಂದು ಚಂದದ ವಿಚಾರ ಮುಂದಿಟ್ಟರು. ರೈಲು ಎಂದರೆ ಅದರ ಹೆಸರಲ್ಲ. ಇಷ್ಟು ಗಂಟೆ, ಇಷ್ಟು ದರ, ದಿನಕ್ಕೆ ಇಷ್ಟು ಸಲ ಎಂಬ ಗುಣಗಳ ಕಟ್ಟು. ಹೊಸ ವಾಹನದ ಗುಣಗಳು ಗೊತ್ತಿದ್ದರೆ ಅದು ಓಡುವ ಮೊದಲೇ ಅಂದಾಜು ಸಿಗುತ್ತದೆ. ಜೊತೆಗೆ ಜನರ ಮುಂದೆ ಕಾರ್ಡ್ ಹಿಡಿದು, "ಇಷ್ಟು ಗಂಟೆ, ಇಷ್ಟು ದರದ ರೈಲು ಬಂದರೆ ಹತ್ತುತ್ತೀರಾ, ಇದೇ ಬಸ್ ಸಾಕಾ?" ಎಂದು ಕೇಳುತ್ತೇವೆ. ಬಾಯಲ್ಲಿ ಹತ್ತುತ್ತೇನೆ ಅಂದವರೆಲ್ಲ ಹತ್ತುವುದಿಲ್ಲ. ಊರಿಗೆ ರೈಲು ಬರಲಿ ಎಂಬ ಆಸೆಯಿಂದಲೂ ಹೌದು ಅನ್ನುತ್ತಾರೆ. ಅದಕ್ಕೇ ಈ ಉತ್ತರಗಳನ್ನು ನಿಜವಾದ ಪ್ರಯಾಣಗಳ ಅಂಕಿ ಜೊತೆ ಸೇರಿಸಿಯೇ ಲೆಕ್ಕ ಮಾಡುವುದು.

2023ರ ಡಿಸೆಂಬರ್‌ನಲ್ಲಿ ಮಂಗಳೂರು–ಮಡಗಾಂವ್ ವಂದೇ ಭಾರತ್ ಶುರುವಾದಾಗ ನಮ್ಮ ಜಿಲ್ಲೆಯಲ್ಲಿ ಕಾರವಾರದಲ್ಲಿ ಮಾತ್ರ ನಿಲುಗಡೆ ಇತ್ತು. ಭಟ್ಕಳ, ಹೊನ್ನಾವರ, ಕುಮಟಾದವರ ಪಾಲಿಗೆ ಅದರ ವೇಗ ಎಷ್ಟಿದ್ದರೂ ಆಯ್ಕೆಯ ಪಟ್ಟಿಯಲ್ಲಿ ಅದು ಬರುವುದಿಲ್ಲ. ನಿಲುಗಡೆ ಕೇಳಿ ಅರ್ಜಿ ಬರೆಯುವವರು ಇದನ್ನು ಅಂಕಿ ಸಮೇತ ಬರೆದರೆ ತೂಕ ಬರುತ್ತದೆ.

ಕಲಿಯಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಬಯೋಜೀಮ್, ಅಪೋಲೋ ಎಂಬ ಎರಡು ಉಚಿತ ಸಾಫ್ಟ್‌ವೇರ್ ಇವೆ. ಮೊದಲನೆಯದು ಪೈಥಾನ್‌ನಲ್ಲಿ, ಎರಡನೆಯದು ಆರ್ ಭಾಷೆಯಲ್ಲಿ ನಡೆಯುತ್ತದೆ. ಅಭ್ಯಾಸಕ್ಕೆ ಸ್ವಿಟ್ಜರ್ಲೆಂಡಿನ ಸ್ವಿಸ್‌ಮೆಟ್ರೋ ಸರ್ವೆಯ ಅಂಕಿ ಉಚಿತವಾಗಿ ಸಿಗುತ್ತದೆ. 1998ರದ್ದು, 10,728 ಸಾಲುಗಳಿವೆ. ರೈಲು, ಕಾರು, ಆಗ ಇನ್ನೂ ಕಲ್ಪನೆಯಲ್ಲೇ ಇದ್ದ ನೆಲದಡಿಯ ವೇಗದ ರೈಲು ಇವುಗಳ ನಡುವೆ ಆಯ್ಕೆ. ಅದನ್ನು ಒಂದು ಸಲ ಓಡಿಸಿ ನೋಡಿ, ಆಮೇಲೆ ನಿಮ್ಮ ಊರಿನ ಐವತ್ತು ಜನರನ್ನು ಕೇಳಿ ಬನ್ನಿ.

ಹೊರಡದೇ ಇರುವುದೂ ಒಂದು ಆಯ್ಕೆಯಾ?

ಹೌದು. ದೊಡ್ಡ ಕಾಯಿಲೆ ಬಂದರೆ ನಮ್ಮ ಜಿಲ್ಲೆಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಹೊರಡಬೇಕು. ಬಸ್‌ಸ್ಟ್ಯಾಂಡಿನಲ್ಲಿ ಫೈಲು, ಎಕ್ಸ್‌ರೇ ಕವರು ಹಿಡಿದು ನಿಂತವರನ್ನು ದಿನಾ ನೋಡುತ್ತೇವೆ. ನನ್ನ ಹಾಳೆಯ ಕೊನೆಯ ಪ್ರಶ್ನೆ, "ಈ ಬಸ್ ಇಲ್ಲದಿದ್ದರೆ ಇವತ್ತು ಹೇಗೆ ಹೋಗುತ್ತಿದ್ದಿರಿ?" ಎಂಬುದು. ಹಿಂದೆ ಅದರ ಕೆಳಗೆ ರೈಲು, ಕಾರು, ಬಾಡಿಗೆ ಗಾಡಿ ಎಂಬ ಮೂರು ಚೌಕ ಇದ್ದವು. ಯಲ್ಲಾಪುರದಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾದಿದ್ದ ಒಬ್ಬರು, ಬಲಗೈಗೆ ಪಟ್ಟಿ ಸುತ್ತಿಕೊಂಡಿದ್ದವರು, ಮೂರನ್ನೂ ನೋಡಿ, "ಹೋಗ್ತಿರ್ಲಿಲ್ಲ ಸರ್. ಮುಂದಿನ ವಾರ ನೋಡ್ತಿದ್ದೆ" ಅಂದರು. ಚೌಕಗಳ ಪಕ್ಕದ ಖಾಲಿ ಜಾಗದಲ್ಲಿ ಅದನ್ನು ಪೆನ್ನಿನಲ್ಲಿ ಬರೆದುಕೊಂಡೆ. ಈಗ ಅಲ್ಲಿ ನಾಲ್ಕನೆಯ ಚೌಕ ಇದೆ.